ಹಿಂದಿನ ಸೀಟು

ಸಾತಾರ್ ಕೋಲಿಗೆ ಒರಗಿ, ಸೊಂಟ ಬಗ್ಗಿಸಿ, ಮತ್ತೊಮ್ಮೆ ಗಟ್ಟಿಯಾಗಿ ಅತ್ತ. ಗೇಟಿನಿಂದಲೇ ಗೋಳಾಡುತ್ತ ಬಂದ ಗಂಡಸರು ಒಬ್ಬೊಬ್ಬರಾಗಿ ಅವನನ್ನು ತಬ್ಬಿ, ಬೆನ್ನು ತಟ್ಟಿ ಪಕ್ಕಕ್ಕೆ ಸರಿದರು. ಅಂಗಳದಲ್ಲಿ ಹೂಡಿದ್ದ ಉಣ್ಣೆಯ ಗುಡಾರದೊಳಗೆ ಅವನ ಹೆಂಡತಿ ಬುರುಲ್‌ಳ ಹೆಣವಿತ್ತು. ಹೆಂಗಸರು ಒಳಗೆ ಗೋಡೆಗೆ ಮುಖ ಮಾಡಿ ಕೂತು ಹಾಡಿ ಅಳುತ್ತಿದ್ದರು. ಹೊರಗೆ ಬಾಗಿಲಲ್ಲಿ ಕೋಲೂರಿ ನಿಂತು, ಬಂದವರೆಲ್ಲರ ಎದುರು ಅಳುವುದು ಗಂಡನ ಕೆಲಸ. ಸಾತಾರ್‌ಗೆ ನಿಜವಾಗಿ ಅಳು ಬಂದಾಗ ಮಾತ್ರ ಯಾರೂ ಬಂದಿರುತ್ತಿರಲಿಲ್ಲ.

ಪಕ್ಕದಲ್ಲಿ ಇನ್ನೊಂದು ಕೋಲು ಹಿಡಿದು ನಿಂತಿದ್ದವನು ಅಣ್ಣ ತಾಲಿಪ್. ಬಂದವರು ಸರಿದ ಕೂಡಲೇ ಅವನು ಅಳು ನಿಲ್ಲಿಸಿ ತಮ್ಮನ ಕಿವಿಗೆ ಬಗ್ಗಿದ.

"ಅವಳ ತವರಿನೋರು ಅತ್-ಬಾಶಿಯಿಂದ ಹೊರಟ್ರಂತೆ. ಎರಡು ವ್ಯಾನ್ ತುಂಬಾ ಜನ. ಏನು ಕೊಯ್ಯೋದು?"

"ಕುರಿ ಇದೆಯಲ್ಲಣ್ಣ."

"ಕುರಿ! ತವರಿನೋರಿಗೆ ಕುರಿ ಹಾಕಿ ಕಳಿಸಿದ್ರು ಅಂತ ಮೊಮ್ಮಕ್ಕಳ ಕಾಲದವರೆಗೂ ಆಡ್ಕೋತಾರೆ. ಕುದುರೆನೇ ಆಗ್ಬೇಕು ಕಣೋ."

"ಸಾವಿನ ಮನೇಲಿ ಕುದುರೆ ಕೊಯ್ಯಬಾರ್ದು ಅಂತ ಮುಲ್ಲಾ ಹೇಳ್ತಾರಲ್ಲ."

"ಹೇಳ್ತಾರೆ. ತಟ್ಟೆ ಬಂದಾಗ ಮೊದಲು ತೋಳು ಮಡಿಸೋರೂ ಅವರೇ. ನೂರ್ದೀನ್ ಹತ್ರ ಒಂದು ಗೊಡ್ಡು ಕುದುರೆ ಇದೆ, ಚೆನ್ನಾಗಿ ಕೊಬ್ಬಿದೆ. ಕೇಳ್ದೆ. ಬುರುಲ್‌ಳ ಸ್ಕೂಟರ್ ಕೊಟ್ರೆ ಕೊಡ್ತಾನಂತೆ. ಬಿಶ್ಕೆಕ್‌ನಲ್ಲಿ ಹಳೇ ಸ್ಕೂಟರಿಗೆ ಹುಚ್ಚರಿದ್ದಾರಂತೆ."

ಸಾತಾರ್ ಬಾಯಿ ತೆರೆದ. ಅಷ್ಟರಲ್ಲಿ ಗೇಟಿನ ಹತ್ತಿರ ಮತ್ತೆ ಜನ ಕಂಡರು. ತಾಲಿಪ್ ಕೋಲಿಗೆ ಬಗ್ಗಿ, "ಅಯ್ಯೋ ನಾದಿನಿ, ಚಿನ್ನದಂಥ ನಾದಿನಿ!" ಎಂದು ಎದೆ ಬಿರಿಯುವಂತೆ ಕೂಗಿಕೊಂಡ. ಸಾತಾರ್ ತೆರೆದ ಬಾಯಲ್ಲೇ ಅತ್ತ.

*

ನಾರಿನ್ ಸೀಮೆಗೆ ಬೇಸಿಗೆ ಬರುವುದು ಹೊಸ್ತಿಲಲ್ಲೇ ನಿಂತು ಮಾತಾಡಿ ಹೋಗುವ ನೆಂಟನ ಹಾಗೆ. ಜೂನ್‌ನಲ್ಲಿ ಹಿಮ ಕರಗಿ ಮೇಲಿನ ಹುಲ್ಲುಗಾವಲಿನ ದಾರಿ ತೆರೆಯಿತು ಅನ್ನುವಷ್ಟರಲ್ಲಿ ಆಗಸ್ಟ್ ಮುಗಿದು ಮತ್ತೆ ಹಿಮ. ಸಾತಾರ್ ಶಾಲೆಯ ಬಾಯ್ಲರ್‌ಗೆ ಕಲ್ಲಿದ್ದಲು ಹಾಕುವವನು. ಚಳಿಗಾಲವೆಲ್ಲ ಮಸಿ, ಬೇಸಿಗೆಯೆಲ್ಲ ರಜೆ. ಬುರುಲ್ ಅಂಚೆ ಹಂಚುತ್ತಿದ್ದಳು. ಸೋವಿಯತ್ ಕಾಲ ಮುಗಿದು ಊರಿನ ಅಂಚೆ ಕಚೇರಿಗೆ ಬೀಗ ಬಿದ್ದಾಗ ಅವಳ ನೀಲಿ ಸ್ಕೂಟರನ್ನು ಕೇಳುವವರೇ ಇರಲಿಲ್ಲ. ಅವಳೇ ಮನೆಗೆ ತಂದಳು.

ಓಡಿಸುವವಳು ಅವಳು. ಸಾತಾರ್ ಹಿಂದಿನ ಸೀಟಿನಲ್ಲಿ, ಚಹಾದ ಫ್ಲಾಸ್ಕ್ ತಬ್ಬಿಕೊಂಡು.

"ಕುದುರೆ ಮೇಲೆ ಹುಟ್ಟಿ ಕುದುರೆ ಮೇಲೆ ಸತ್ತ ವಂಶ ನಮ್ದು," ಎನ್ನುತ್ತಿದ್ದ ತಾಲಿಪ್, ಅಂಗಡಿಯ ಮುಂದೆ ನಾಲ್ಕು ಜನರೆದುರು. "ಇವನು ನೋಡಿ, ಹೆಂಡ್ತಿ ಬೆನ್ನು ಹತ್ತಿದಾನೆ."

ಸಾತಾರ್ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಬುರುಲ್ ನಗುತ್ತಿರಲಿಲ್ಲ.

ಊರಿನ ಕೊನೆಯ ಮನೆ ದಾಟಿದ ಮೇಲೆ ಅವಳು ಸ್ಕೂಟರ್ ನಿಲ್ಲಿಸಿ, ತಲೆವಸ್ತ್ರ ಬಿಚ್ಚಿ ಗಂಡನ ಜೇಬಿಗೆ ತುರುಕುತ್ತಿದ್ದಳು. ಸಂಜೆ ಅಲ್ಲೇ ನಿಂತು ಮತ್ತೆ ಕಟ್ಟಿಕೊಳ್ಳುತ್ತಿದ್ದಳು. ಕಡಿದಾದ ತಿರುವುಗಳಲ್ಲಿ ಸಾತಾರ್ ಇಳಿದು, ಕೆಮ್ಮುತ್ತ ಹಿಂದಿನಿಂದ ನೂಕುತ್ತಿದ್ದ. ಮೇಲೆ ಹೋದರೆ ಮಾಡಲು ಏನೂ ಕೆಲಸವಿಲ್ಲ. ಕಾಡು ಈರುಳ್ಳಿ ಕೀಳುವುದು, ಕುದುರೆ ಮೇಯಿಸುವವರು ಕೊಟ್ಟ ಹುಳಿಹಾಲು ಕುಡಿಯುವುದು, ಹುಲ್ಲಿನ ಮೇಲೆ ಅಂಗಾತ ಬೀಳುವುದು. ಮಕ್ಕಳಿಲ್ಲದ ಗಂಡ ಹೆಂಡಿರು ಹೀಗೆ ಮಕ್ಕಳಾಟ ಆಡುತ್ತಾರೆಂದು ಊರು ಮಾತಾಡಿತು. ಆಡಲಿ. ಆ ಕೆಲವು ವಾರಗಳಲ್ಲಿ ಅವರು ಸುಖವಾಗಿದ್ದರು, ಅದನ್ನು ಊರಿಗೆ ಸಹಿಸಲಾಗಲಿಲ್ಲ ಅಷ್ಟೆ.

"ನೀನೂ ಓಡ್ಸೋದು ಕಲಿಯೋ ಮಾರಾಯ," ಎಂದಿದ್ದಳು ಒಮ್ಮೆ, ಹುಲ್ಲಿನ ಕಡ್ಡಿ ಕಚ್ಚುತ್ತ. "ಇಷ್ಟು ವರ್ಷ ಈ ದಾರೀಲಿ ಬಂದೆ. ಗುಂಡಿ ಬಿಟ್ರೆ ಬೇರೇನೂ ನೋಡಿಲ್ಲ ನಾನು. ಒಂದ್ಸಲ ಹಿಂದೆ ಕೂತು ಬೆಟ್ಟ ನೋಡ್ಬೇಕು."

"ಮುಂದಿನ ಬೇಸಿಗೆಗೆ ಖಂಡಿತ."

"ಹೋದ ಬೇಸಿಗೇಲೂ ಇದನ್ನೇ ಹೇಳಿದ್ದೆ."

"ನೀನು ಇಷ್ಟು ಚೆನ್ನಾಗಿ ಓಡಿಸ್ತೀಯಲ್ಲ, ನಾನ್ಯಾಕೆ ಕೆಡಿಸ್ಲಿ?"

ಈ ಏಪ್ರಿಲ್‌ನಲ್ಲಿ ಆಸ್ಪತ್ರೆಯ ಮಂಚದ ಮೇಲೆ ಅವಳು ಅವನ ಬೆರಳು ಹಿಡಿದುಕೊಂಡಳು. ಮಾತು ಆಗಲೇ ಸಣ್ಣಗಾಗಿತ್ತು.

"ನಾನಿಲ್ದಿದ್ರೂ ಕಲಿ. ಒಬ್ಬನೇ ಮೇಲೆ ಹೋಗಿ ಬಾ. ಸ್ಕೂಟರ್ ಯಾರಿಗೂ ಕೊಡ್ಬೇಡ. ನಿಮ್ಮಣ್ಣ ಕೇಳ್ತಾನೆ, ನೀನು 'ಆಯ್ತಣ್ಣ' ಅಂತೀಯ. ನಿನ್ನ ನಂಗೊತ್ತಿಲ್ವಾ?"

"ಅನ್ನಲ್ಲ."

"ರೊಟ್ಟಿ ಮೇಲೆ ಆಣೆ?"

ಮೇಜಿನ ಮೇಲೆ ಆಸ್ಪತ್ರೆಯ ರೊಟ್ಟಿಯ ತುಂಡಿತ್ತು. ಸಾತಾರ್ ಅದರ ಮೇಲೆ ಕೈಯಿಟ್ಟ.

*

"ಅಣ್ಣ, ಸ್ಕೂಟರ್ ಮಾತ್ರ ಬೇಡ," ಎಂದ ಸಾತಾರ್, ಜನ ಸರಿದ ಮೇಲೆ. ಜೀವಮಾನದಲ್ಲಿ ಅಣ್ಣನಿಗೆ ಬೇಡ ಎಂದದ್ದು ಅದೇ ಮೊದಲು.

ತಾಲಿಪ್‌ಗೆ ಸಿಟ್ಟೂ ಬರಲಿಲ್ಲ. "ನಿಂಗೆ ಓಡ್ಸೋಕೆ ಬರುತ್ತಾ?"

"ಇಲ್ಲ."

"ಮತ್ತೆ? ಎದುರಿಗಿಟ್ಕೊಂಡು ನೋಡ್ತಾ ಕೂರ್ತೀಯಾ?"

"ಮಾತು ಕೊಟ್ಟಿದೀನಿ."

"ಯಾರಿಗೆ?"

ಸಾತಾರ್ ಗುಡಾರದ ಕಡೆ ನೋಡಿದ. ಒಳಗೆ ತಾಲಿಪ್‌ನ ಹೆಂಡತಿ ಬಾತ್ಮಾ ರಾಗವಾಗಿ ಬುರುಲ್‌ಳ ಕಸೂತಿಯನ್ನು ಹೊಗಳುತ್ತಿದ್ದಳು. ಬುರುಲ್ ಒಂದು ಗುಂಡಿ ಕೂಡ ನೆಟ್ಟಗೆ ಹೊಲಿದವಳಲ್ಲ.

"ನಂಗೇನು ಲಾಭ ಹೇಳು," ಎಂದ ತಾಲಿಪ್ ಮೆತ್ತಗೆ. "ಅವಳ ಮರ್ಯಾದೆ ಕಣೋ ಇದು. ಬದುಕಿದ್ದಾಗ ಊರೆಲ್ಲ ನಗ್ತು. ಸತ್ತಾಗಲೂ ನಗ್ಬೇಕಾ? ಬೇಗ ಹೇಳು, ಮಾಂಸ ಬೇಯೋಕೆ ಹೊತ್ತು ಬೇಕು."

ಸಾತಾರ್ ಕೋಲನ್ನು ಬಿಗಿಯಾಗಿ ಹಿಡಿದ.

"ಆಯ್ತಣ್ಣ."

ನೂರ್ದೀನ್ ಕುದುರೆಯನ್ನು ಹಿತ್ತಲಿಗೆ ಎಳೆದು ತಂದು ಕಟ್ಟಿ, ಕೊಟ್ಟಿಗೆಯಿಂದ ಸ್ಕೂಟರನ್ನು ತಳ್ಳಿಕೊಂಡು ಹೊರಟ. ಅದು ಗೇಟು ದಾಟುವಾಗ ಸಾತಾರ್ ಬಿಕ್ಕಿ ಬಿಕ್ಕಿ ಅತ್ತ. ಸುತ್ತ ಹೊಸಬರು ಯಾರೂ ಇರಲಿಲ್ಲ.

"ಈಗ್ಯಾಕೋ?" ಎಂದ ತಾಲಿಪ್. "ಗಂಟಲು ಉಳಿಸ್ಕೋ. ತವರಿನೋರು ಬರೋದಿದೆ."

*

ಮಣ್ಣು ಮಾಡಿ ಬಂದಾಗ ಮಧ್ಯಾಹ್ನ ಜಾರಿತ್ತು. ಬುರುಲ್‌ಳ ತಮ್ಮ ಕಾದಿರ್ ಮತ್ತು ಅವನ ಕಡೆಯವರನ್ನು ತಾಲಿಪ್ ಕೈಹಿಡಿದು ಕರೆತಂದು ಮೇಲಿನ ಸಾಲಿನಲ್ಲಿ ಕೂರಿಸಿದ. ಹಬೆಯಾಡುವ ತಟ್ಟೆಗಳು ಬಂದವು. ಸೊಂಟದ ಮೂಳೆ, ಪಕ್ಕೆಲುಬು, ಎರಡು ಬೆರಳು ದಪ್ಪ ಕೊಬ್ಬು.

ಕಾದಿರ್ ಅಂಗೈ ಎತ್ತಿ ಅಕ್ಕನಿಗಾಗಿ ಪ್ರಾರ್ಥಿಸಿ, ಮುಖ ಸವರಿಕೊಂಡು ಎದ್ದುನಿಂತ. ಅವನ ಹಿಂದೆ ಎರಡು ವ್ಯಾನಿನ ಜನವೂ ಎದ್ದರು.

"ಭಾವ, ತಪ್ಪು ತಿಳ್ಕೋಬೇಡಿ. ಸಾವಿನ ಮನೇಲಿ ಉಣ್ಣಲ್ಲ ಅಂತ ನಮ್ಮೂರೋರೆಲ್ಲ ಆಣೆ ಹಾಕಿದೀವಿ. ಚಹಾನೂ ಇಲ್ಲ. ಮನೆಯವರಿಗೆ ಸಂಕಟದ ಮೇಲೆ ಭಾರ ಯಾಕೆ ಅಂತ. ಬೆಳಿಗ್ಗೆನೇ ತಾಲಿಪ್ ಅಣ್ಣಂಗೆ ಫೋನ್‌ನಲ್ಲಿ ಹೇಳಿದ್ನಲ್ಲ, ಏನೂ ಕೊಯ್ಯಬೇಡಿ ಅಂತ?"

ಸಾತಾರ್ ಅಣ್ಣನ ಕಡೆ ತಿರುಗಿದ.

"ಹೇಳಿದ್ರು," ಎಂದ ತಾಲಿಪ್. ಕಿವಿ ಕೆಂಪಾಗಿತ್ತು. "ಬೇಡ ಅಂತ ಯಾರು ಅನ್ನಲ್ಲ ಹೇಳಿ? ಎಲ್ಲ ನೆಂಟರೂ ಬೇಡ ಬೇಡ ಅಂತಾನೇ ಬರ್ತಾರೆ. ಉಪಚಾರದ ಮಾತು ಅಂದ್ಕೊಂಡೆ."

ಕಾದಿರ್ ಬಾಗಿಲ ತನಕ ಹೋಗಿ ನಿಂತ.

"ಭಾವ, ಅಕ್ಕನ ಸ್ಕೂಟರ್ ಒಂದ್ಸಲ ನೋಡಿ ಹೋಗ್ಲಾ? ಫೋನ್ ಮಾಡ್ದಾಗೆಲ್ಲ ಅದರದ್ದೇ ಮಾತು. ನಿಮಗೆ ಓಡ್ಸೋಕೆ ನಾನೇ ಬಂದು ಕಲಿಸ್ಬೇಕು ಅಂದಿದ್ಲು. ಎಲ್ಲಿಟ್ಟಿದೀರಿ?"

ಸಾತಾರ್‌ನ ಕಣ್ಣು ತಟ್ಟೆಯ ಮೇಲಿತ್ತು. ಕಾದಿರ್ ಕೂಡ ತಟ್ಟೆ ನೋಡಿದ, ತಾಲಿಪ್‌ನನ್ನು ನೋಡಿದ, ಮತ್ತೆ ತಟ್ಟೆ ನೋಡಿದ. ಆಮೇಲೆ ಭಾವನ ಹೆಗಲು ಮುಟ್ಟದೆ ಹೊರಗೆ ಹೋದ. ವ್ಯಾನುಗಳು ಹೊರಟ ಸದ್ದು ಕೇಳಿಸಿತು.

ಊರಿನವರು ಮೆಲ್ಲಗೆ ಮೇಲಿನ ಸಾಲಿಗೆ ಸರಿದು ಕೂತರು. ಮುಲ್ಲಾ ತೋಳು ಮಡಿಸಿದರು.

"ಕೂರೋ," ಎಂದ ತಾಲಿಪ್. "ಆರಿಹೋಗ್ತದೆ. ಮಾಂಸ ಹೆಚ್ಚೋ."

ಹಿರಿಯರಿಗೆ ಮಾಂಸ ಹೆಚ್ಚಿ ಬಡಿಸುವುದು ಕಿರಿಯನ ಪಾಲಿನ ಕೆಲಸ. ಸಾತಾರ್ ಮಂಡಿಯೂರಿ ಚಾಕು ತೆಗೆದುಕೊಂಡ. ಪಕ್ಕೆಲುಬಿನ ಕೊಬ್ಬನ್ನು ಬಿಡಿಸಿ, ಅಣ್ಣನ ಹಲ್ಲು ಗಟ್ಟಿಯಿಲ್ಲವೆಂದು ತುಂಡುಗಳನ್ನು ಸಣ್ಣಗೆ, ಇನ್ನೂ ಸಣ್ಣಗೆ ಹೆಚ್ಚಿ, ಅವನ ಮುಂದೆ ಸರಿಸಿದ.