ಮೊಳೆಯ ಮೇಲೆ ಇರಬೇಕಿದ್ದ ಚಾವಿ

ಸ್ಟೇರಿಂಗ್ ಬಿಗಿಯಾಗಿದೆ ಎಂದು ಬರುವ ಡ್ರೈವರುಗಳಲ್ಲಿ ಅರ್ಧ ಜನ ಮುಂದಿನ ಟೈರಿಗೆ ಗಾಳಿಯನ್ನೇ ಹಾಕಿಸಿರುವುದಿಲ್ಲ. ಅಂಥವರನ್ನು ಬೈದು ಕಳಿಸುತ್ತೇನೆ. ಜನವಾಡದ ಜೀವನಕುಮಾರ ಅಂಥವನಲ್ಲ. ಹದಿನೇಳು ವರ್ಷದ ಹಳೆಯ ಡೀಸೆಲ್ ಪಿಕಪ್ಪಿನಲ್ಲಿ ಮದುವೆ ಮನೆಗಳಿಗೆ ಶಾಮಿಯಾನ, ಕುರ್ಚಿ, ಪಾತ್ರೆ ಸಾಗಿಸುವುದು ಅವನ ಕೆಲಸ. ಬೀದರದ ಔರಾದ ರಸ್ತೆಯಲ್ಲಿರುವ ನನ್ನ ಗ್ಯಾರೇಜು ಬಿಟ್ಟು ಬೇರೆ ಯಾರಿಗೂ ಅವನು ಆ ಗಾಡಿಯ ಬಾನೆಟ್ಟು ಎತ್ತಲು ಬಿಟ್ಟವನಲ್ಲ.

ಅವತ್ತು ಮಧ್ಯಾಹ್ನ ಗಾಡಿ ಒಳಗೆ ಬರುವಾಗಲೇ ಸ್ಟೇರಿಂಗ್ ಪಂಪಿನ ನರಳಾಟ ಕೇಳಿಸಿತು.

“ಎರಡ ದಿನಾ ಆಯ್ತ್ರಿ ಉಸ್ತಾದ್. ಒಮ್ಮೆ ಹಗುರ, ಒಮ್ಮೆ ಕಲ್ಲು. ತಿರುವಿನ್ಯಾಗ ರಟ್ಟಿ ಸೋಲ್ತಾವ.”

“ಮನ್ಯಾಗ ದೊರ್ಕಾ ಸಿಟ್ಟಾಗ್ಯಾಳೇನು? ಆಕಿ ಸಿಟ್ಟು ಗಾಡಿಗಿ ಹತ್ತಿರಬೇಕು.”

“ಆಕಿ ಸಿಟ್ಟಾದ್ರ ಗಾಡಿ ಇರ್ಲಿ, ನಾನೇ ಸ್ಟಾರ್ಟ್ ಆಗಂಗಿಲ್ರಿ,” ಎಂದು ನಕ್ಕ. ದೊರ್ಕಾ ಅವನ ಹೆಂಡತಿ, ನರ್ಸು.

ಎಂಜಿನ್ ಚಾಲೂ ಇಟ್ಟು ಸ್ಟೇರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಲು ಹೇಳಿದೆ. ತುದಿಗೆ ಹೋದಾಗ ಪಂಪು ಕಿರುಚಿತು. ಎಂಜಿನ್ ಬಂದ್ ಮಾಡಿಸಿ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಬಿಗಿ ಇತ್ತು. ಸ್ಟೇರಿಂಗಿನ ಆಯಿಲ್ ಡಬ್ಬಿಯ ಮುಚ್ಚಳ ತೆಗೆದೆ. ಕೆಂಪು ಎಣ್ಣೆ ನೊರೆ ಕಟ್ಟಿತ್ತು. ಮುಚ್ಚಳದೊಳಗಿನ ರಬ್ಬರ್ ವಾಶರು ನೆನೆಸಿದ ಕಡಲೆಯ ಹಾಗೆ ಉಬ್ಬಿತ್ತು. ಒಂದು ಲೋಟ ನೀರಿಗೆ ನಾಲ್ಕು ಹನಿ ಬಿಟ್ಟೆ. ಸ್ಟೇರಿಂಗ್ ಆಯಿಲ್ ಆದರೆ ನೀರಿನ ಮೇಲೆ ತೇಲಬೇಕು. ಇದು ಸ್ವಲ್ಪ ತೇಲಿತು, ಉಳಿದದ್ದು ಕರಗಿ ನೀರೆಲ್ಲ ಗುಲಾಬಿಯಾಯಿತು.

ಕರಗುವುದು ಬ್ರೇಕ್ ಆಯಿಲ್. ಅದು ಸ್ಟೇರಿಂಗಿನೊಳಗೆ ಹೋದರೆ ಅಲ್ಲಿನ ರಬ್ಬರನ್ನೆಲ್ಲ ಉಬ್ಬಿಸುತ್ತದೆ, ಮೆತ್ತಗೆ ಮಾಡುತ್ತದೆ, ಕೊನೆಗೆ ಒಡೆಯುತ್ತದೆ.

“ಯಾವ ಕತ್ತೆ ಹಾಕ್ತೋ ಇದರಾಗ ಬ್ರೇಕ್ ಆಯಿಲ್?”

ಅವನು ತಬ್ಬಿಬ್ಬಾದ. “ನಾನೇ ಹಾಕೀನ್ರಿ. ಆದ್ರ ಹೋದ ತಿಂಗಳ ನೀವು ಕೊಟ್ಟ ಬಾಟಲಿದೇ ಹಾಕೀನಿ. ಕಮ್ಮಿ ಆದ್ರ ಹಾಕ್ಕೋ ಅಂದಿದ್ರಿ.”

“ನಾನು? ಮೂವತ್ತು ವರ್ಷ ಇದೇ ಎಣ್ಣಿಯೊಳಗ ಕೈ ಅದ್ದೀನಿ. ನಾ ಬ್ರೇಕ್ ಆಯಿಲ್ ಕೊಡ್ತೀನಾ? ನಿನ್ನ ಗಾಡ್ಯಾಗ ಬ್ರೇಕ್ ಆಯಿಲ್ ಡಬ್ಬಿ ಇಲ್ಲೇನು?”

“ಸೀಟಿನ ಕೆಳಗ ಅದರಿ, ಆದ್ರ...”

“ಮತ್ತ ಯಾಕ ನನ್ನ ಮ್ಯಾಲ ಹಾಕ್ತೀ? ಕಣ್ಣು ಎಲ್ಲಿ ಇಟ್ಟಿದ್ದಿ?”

ನನ್ನ ದನಿ ರಸ್ತೆಗೆ ಕೇಳಿಸುತ್ತಿತ್ತು. ಎದುರಿನ ಚಹಾ ಅಂಗಡಿಯವರು ಇಣುಕಿ ನೋಡಿದರು. ಜೀವನಕುಮಾರ ತಲೆ ತಗ್ಗಿಸಿದ. “ಇರಬೇಕ್ರಿ. ಅವಸರದಾಗ ನಾನೇ ತಪ್ಪಿರಬೇಕು. ನೀವು ಹೇಳ್ತೀರಿ ಅಂದ್ರ ಖರೇನೇ ಇರ್ತದ,” ಅಂದ.

ಪಂಪಿನಿಂದ ಹೊರಟ ದಪ್ಪ ಪೈಪನ್ನು ಹಿಂಡಿ ನೋಡಿದೆ. ಹಣ್ಣಾದ ಬಾಳೆಯ ಹಾಗೆ ಬೆರಳು ಒಳಗೆ ಇಳಿಯಿತು. ಆ ಹಳೆಯ ಮಾಡೆಲ್ಲಿನ ಪೈಪು ಹೊಸದು ಬರುವುದಿಲ್ಲ. ಭಾಲ್ಕಿಯಲ್ಲಿ ಜಹೀರೋದ್ದೀನನ ಗುಜರಿ ಅಂಗಡಿಯಲ್ಲಿ ಹುಡುಕಬೇಕು. ಪೈಪು, ಸೀಲು ಎಲ್ಲ ಬದಲಿಸಿ, ಒಳಗೆ ತೊಳೆದು, ಗಾಳಿ ತೆಗೆಯಲು ಎರಡು ದಿನ ಬೇಕು.

“ನಾಳಿ ಮುಂಜಾನಿ ಠಾಣಾ ಕುಶನೂರದಾಗ ಮದುವಿ ಅದರಿ,” ಅಂದ. “ಶಾಮಿಯಾನ ಮುಟ್ಟಿಸಿ ಬರ್ತೇನಿ. ಹಗೂರಕ ಹೋಗ್ತೇನಿ. ಆಮ್ಯಾಲ ವಾರ ಇಟ್ಕೊಳ್ರಿ.”

ನನ್ನ ಗ್ಯಾರೇಜಿನ ಗೋಡೆಗೆ ಒಂದು ಮೊಳೆ ಇದೆ. ನನಗೆ ಕೆಲಸ ಕಲಿಸಿದ ಅಬ್ದುಲ ಅಜೀಜ ಉಸ್ತಾದರು ಹೊಡೆದದ್ದು. ರಸ್ತೆಗೆ ಇಳಿಯಬಾರದ ಗಾಡಿಯ ಚಾವಿ ಆ ಮೊಳೆಗೆ ಹೋಗುತ್ತದೆ. ರಿಪೇರಿ ಮುಗಿಯುವ ತನಕ ಮಾಲೀಕ ಅತ್ತರೂ ಕೊಡುವುದಿಲ್ಲ. ಈ ರಸ್ತೆಯ ಡ್ರೈವರುಗಳೆಲ್ಲ ಅದನ್ನು ಬಲ್ಲರು. ಚಾವಿ ಮೊಳೆಗೆ ಬಿದ್ದರೆ ಯಾರೂ ವಾದ ಮಾಡುವುದಿಲ್ಲ, ಬಸ್ಸು ಹಿಡಿದು ಮನೆಗೆ ಹೋಗುತ್ತಾರೆ.

ಜೀವನಕುಮಾರನ ಚಾವಿಯೂ ಮೊಳೆಯ ಮೇಲಿತ್ತು. ಪೈಪು ಹಿಂಡಿ ನೋಡಿದ ಕೂಡಲೇ ನಾನೇ ಹಾಕಿದ್ದೆ. ಆದರೆ ‘ನೀವು ಕೊಟ್ಟ ಬಾಟಲಿ’ ಎಂಬ ಅವನ ಮಾತು ತಲೆಯಲ್ಲಿ ಕುದಿಯುತ್ತಿತ್ತು. ಚಾವಿ ಕಿತ್ತು ಅವನ ಎದೆಗೆ ಎಸೆದೆ.

“ಹೋಗು. ನನ್ನ ಕಣ್ಣ ಮುಂದ ನಿಲ್ಲಬ್ಯಾಡ.”

ಮೊಳೆಯಿಂದ ನಾನೇ ತೆಗೆದು ಕೊಟ್ಟೆನೆಂದರೆ ಗಾಡಿ ಹೋಗಬಹುದು ಎಂದು ಅವನು ತಿಳಿದುಕೊಂಡ. ಯಾರಾದರೂ ಹಾಗೆಯೇ ತಿಳಿಯುತ್ತಿದ್ದರು.

ಮರುದಿನ ಬೆಳಿಗ್ಗೆ ಎಂಟೂವರೆಗೆ ಸಂತಪುರ ದಾಟಿದ ಮೇಲಿನ ತಿರುವಿನಲ್ಲಿ ಪೈಪು ಒಡೆಯಿತು. ಸ್ಟೇರಿಂಗ್ ಕಲ್ಲಾಯಿತು, ಚಕ್ರ ತಿರುಗಲಿಲ್ಲ. ಔರಾದಿಗೆ ಬಸ್ಸು ಕಾಯುತ್ತ ರಸ್ತೆಯ ಪಕ್ಕ ಕೂತಿದ್ದ ಶಾಲುಬಾಯಿ ಎಂಬ ಅರವತ್ತು ವರ್ಷದ ಹೆಂಗಸು ಅಲ್ಲೇ ಸತ್ತಳು. ಗಾಡಿ ಅವಳ ಮೇಲೆ ಹಾಯ್ದು ಹೋಗಿ ಬೇವಿನ ಮರಕ್ಕೆ ಹೊಡೆದು ನಿಂತಿತು.

ಸಂತಪುರದ ಪೊಲೀಸ್ ಠಾಣೆಯ ಅಂಗಳದಲ್ಲಿ ಗಾಡಿ ನೋಡಿ ಬಂದೆ. ನಾನು ಬೆರಳಿಟ್ಟಿದ್ದ ಜಾಗದಲ್ಲೇ ಪೈಪು ಸೀಳಿತ್ತು. ಸೀಟಿನ ಕೆಳಗೆ ಬ್ರೇಕ್ ಆಯಿಲಿನ ಡಬ್ಬಿ ಇತ್ತು. ಅದರ ಸೀಲು ಒಡೆದೇ ಇರಲಿಲ್ಲ.

ಗ್ಯಾರೇಜಿಗೆ ಬಂದವನು ನೇರ ಎಣ್ಣೆಯ ಕಪಾಟಿಗೆ ಹೋದೆ. ನಾವು ದೊಡ್ಡ ಡಬ್ಬಿಯಲ್ಲಿ ಎಣ್ಣೆ ತರಿಸಿ ನೀರಿನ ಖಾಲಿ ಬಾಟಲಿಗಳಲ್ಲಿ ತುಂಬಿ ಇಡುತ್ತೇವೆ. ಚೀಟಿ ಅಂಟಿಸುವುದಿಲ್ಲ. ಬಣ್ಣ ನೋಡಿದರೆ ಸಾಕು, ಕೆಂಪು ಸ್ಟೇರಿಂಗಿಗೆ, ಹಳದಿ ಬ್ರೇಕಿಗೆ. ಹೋದ ತಿಂಗಳು ಬ್ರೇಕ್ ಆಯಿಲಿನ ಡಬ್ಬಿ ಬೇರೆ ಕಂಪನಿಯದು ಬಂದಿತ್ತು. ಅದನ್ನು ಬಾಟಲಿಗಳಿಗೆ ತುಂಬಿದವನು ನಾನು. ಅದು ಕೆಂಪಾಗಿದೆ ಎಂದು ಆಗ ನೋಡಿದವನೂ ನಾನು.

ಕಪಾಟಿನಲ್ಲಿದ್ದ ಆರು ಕೆಂಪು ಬಾಟಲಿಗಳಿಂದ ಆರು ಲೋಟ ನೀರಿಗೆ ಹನಿ ಬಿಟ್ಟೆ. ನಾಲ್ಕು ತೇಲಿದವು. ಎರಡು ಕರಗಿದವು. ಕರಗಿದ ಎರಡರಲ್ಲಿ ಒಂದು ಬಾಟಲಿಯನ್ನು ಚೀಲದಲ್ಲಿ ಹಾಕಿಕೊಂಡೆ.

ಬೀದರದ ಆಸ್ಪತ್ರೆಯಲ್ಲಿ ಜೀವನಕುಮಾರ ಮಲಗಿದ್ದ. ಹೆಗಲ ಎಲುಬು ಮುರಿದಿತ್ತು. ಪಕ್ಕದಲ್ಲಿ ದೊರ್ಕಾ ಸ್ಟೂಲಿನ ಮೇಲೆ ಕೂತಿದ್ದಳು.

“ಪೊಲೀಸ್ರು ಬಂದಿದ್ರು ಉಸ್ತಾದ್,” ಅಂದ. “ನಾನೇ ತಪ್ಪು ಎಣ್ಣಿ ಹಾಕೀನಿ ಅಂತ ಹೇಳೀನಿ. ಗಾಡಿ ಒಯ್ಯಬ್ಯಾಡ ಅಂತ ಉಸ್ತಾದ್ರು ಬೈದ್ರೂ ನಾನೇ ಒಯ್ದೀನಿ ಅಂದೀನಿ. ನಿಮ್ಮ ಹೆಸರು ಕೆಡಂಗಿಲ್ಲ.”

“ಎಣ್ಣಿ ನಂದು ಜೀವನ. ಬಾಟಲಿ ನಾನೇ ತಪ್ಪಿ ಕೊಟ್ಟೀನಿ.”

“ನನ್ನ ಸಮಾಧಾನಕ್ಕ ಹೇಳಬ್ಯಾಡ್ರಿ. ನಿಮ್ಮ ಕೈ ತಪ್ಪಂಗಿಲ್ಲ.”

ನನಗೆ ಸಿಟ್ಟು ಬಂತು. ಆಸ್ಪತ್ರೆ ಅನ್ನುವುದೂ ಮರೆತು ಕೂಗಿದೆ. “ತಪ್ಪ್ಯದ ಅಂತ ಹೇಳ್ಲಾಕತ್ತೀನಿ! ಕಿವಿ ಇಲ್ಲೇನು ನಿನಗ?”

ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಅದಕ್ಕೂ ಅವನು ‘ಇರಬೇಕ್ರಿ’ ಎನ್ನುತ್ತಾನೋ ಎಂದು ಹೆದರಿದೆ.

ದೊರ್ಕಾ ಎದ್ದಳು. ನನ್ನ ಚೀಲದಿಂದ ಇಣುಕುತ್ತಿದ್ದ ಬಾಟಲಿಯನ್ನು ನೋಡಿ, ಮಾತ್ರೆ ನುಂಗಲು ಇಟ್ಟಿದ್ದ ನೀರಿನ ಲೋಟವನ್ನು ನನ್ನ ಮುಂದೆ ಹಿಡಿದಳು. ನೀರಿನ ಪರೀಕ್ಷೆಯ ಸಂಗತಿ ಗಂಡ ಹಿಂದಿನ ದಿನವೇ ಅವಳಿಗೆ ಹೇಳಿರಬೇಕು. ಹನಿ ಬಿಟ್ಟೆ. ನೀರು ಗುಲಾಬಿಯಾಯಿತು.

“ಅಣ್ಣಾರ,” ಅಂದಳು, “ಇದು ನಮ್ಮ ಮುಂದ ಮಾಡಿ ಯಾನ್ ಮಾಡ್ತೀರಿ? ಕೇಸು ಬಿದ್ದದ್ದು ಇವ್ರ ಮ್ಯಾಲ. ಲೈಸನ್ಸ್ ಹೋಗೋದು ಇವ್ರದು. ಹೆಣಾ ಇವ್ರ ಲೆಕ್ಕಕ್ಕ ಅದ. ಅಲ್ಲಿ ಹೋಗಿ ಮಾಡ್ರಿ.”

ಸಂತಪುರದ ಬಸ್ಸಿನಲ್ಲಿ ಬಾಟಲಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಪಕ್ಕದವನು ಶರಬತ್ತೇ ಎಂದು ಕೇಳಿದ.

ಠಾಣೆಯಲ್ಲಿ ಸಾಹೇಬರು ಬರುವ ತನಕ ಕೂತಿರಲು ಹೇಳಿದರು. ಬೆಂಚಿನ ಮೇಲೆ ಮೂವತ್ತರ ಒಬ್ಬ ಗಂಡಸು ಕೂತಿದ್ದ. ಮಡಿಲಲ್ಲಿ ಹೆಂಗಸರ ಕೈಚೀಲ ಇತ್ತು. ಚೀಲದೊಳಗೆ ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ ಕಾಣುತ್ತಿತ್ತು.

“ನಮ್ಮವ್ವನ ಸಾಮಾನ್ರಿ,” ಅಂದ, ನಾನು ನೋಡುತ್ತಿದ್ದುದನ್ನು ಕಂಡು. ಹೆಸರು ಸಂಘಪಾಲ. “ನೀವು ಯಾಕ ಬಂದೀರಿ?”

ಸಾಹೇಬರಿಗೆ ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಇವನಿಗೆ ಹೇಳಲು ಏನೂ ಜೋಡಿಸಿರಲಿಲ್ಲ.

“ಆ ಗಾಡಿ ರಿಪೇರಿ ಮಾಡಾಂವ ನಾ. ಡ್ರೈವರಂದು ತಪ್ಪಿಲ್ಲ. ಈ ಎಣ್ಣಿ ನಾ ಕೊಟ್ಟೀನಿ. ಪೈಪು ಒಡೀತದ ಅಂತ ಗೊತ್ತಿತ್ತು. ಸಿಟ್ಟಿನ ಭರದಾಗ ಚಾವಿ ಕೊಟ್ಟೀನಿ.”

ಅವನು ಬಾಟಲಿ ತೆಗೆದುಕೊಂಡ. ಮುಚ್ಚಳ ತೆಗೆದು ಮೂಸಿದ. ಬೆಳಕಿಗೆ ಹಿಡಿದು ನೋಡಿದ.

“ಇಷ್ಟಕ್ಕ ಏನ್ರಿ ನಮ್ಮವ್ವ ಸತ್ತದ್ದು?” ಅಂದ.

ಅವನು ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಕಾದೆ. ನನಗೆ ಅದು ಬೇಕಾಗಿತ್ತು. ಅವನು ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ, ಬಾಟಲಿಯನ್ನು ನಮ್ಮಿಬ್ಬರ ನಡುವೆ ಬೆಂಚಿನ ಮೇಲೆ ಇಟ್ಟು, ಮತ್ತೆ ಚೀಲವನ್ನು ಎರಡೂ ಕೈಯಿಂದ ಹಿಡಿದುಕೊಂಡ.