ಕಂದೇಲಾಳ ಅಂಚು

ಗಂಟು ಬಿಚ್ಚಿದ ಕೂಡಲೇ ಆ ಹುಳಿ ವಾಸನೆ ರುಫಿನಾಳ ಮೂಗಿಗೆ ಬಂತು. ಮೆಕ್ಕೆಜೋಳದ ಗಂಜಿಯಲ್ಲಿ ಅದ್ದಿ ಒಣಹಾಕಿದ ನೂಲಿನ ವಾಸನೆ. ಚಿಕ್ಕಂದಿನಲ್ಲಿ ಅವ್ವ ಬೆಳಗಿನ ಗಂಜಿಯ ಮೊದಲ ಪಾಲನ್ನು ನೂಲಿಗೆ ತೆಗೆದಿಟ್ಟು, ಉಳಿದದ್ದನ್ನು ಇಬ್ಬರು ಹೆಣ್ಣುಮಕ್ಕಳಿಗೆ ಹಾಕುತ್ತಿದ್ದಳು. "ನಮಗಿಂತ ನೂಲಿಗೇ ಹಸಿವು ಜಾಸ್ತಿ" ಎಂದು ಅಕ್ಕ ಕಂದೇಲಾ ಮುಖ ಊದಿಸಿಕೊಳ್ಳುತ್ತಿದ್ದಳು.

"ಏನಮ್ಮಾ, ಇವತ್ತಾದ್ರೂ ಗಂಟಲ್ಲಿ ಏನಾದ್ರೂ ಇದೆಯೋ, ಇಲ್ಲಾ ಗಾಳೀನೇ ಮಡಚ್ಕೊಂಡು ಬಂದಿದೀಯೋ?" ಪಕ್ಕದ ಬೆಂಚಿನಿಂದ ಮಿಕಾಯೆಲಾ ಕೇಳಿದಳು. ತರಗತಿಯ ಹೆಂಗಸರು ನಕ್ಕರು. ರುಫಿನಾಳೂ ನಗಲು ನೋಡಿದಳು.

ಅಕ್ಕ ತೀರಿಹೋಗಿ ಏಳು ತಿಂಗಳಾಗಿತ್ತು. ಅಂಗಳದ ಬೆಣ್ಣೆಹಣ್ಣಿನ ಮರಕ್ಕೆ ಇಬ್ಬರೂ ಮಗ್ಗದ ಹಗ್ಗ ಕಟ್ಟಿ, ಇನ್ನೊಂದು ತುದಿಯ ಪಟ್ಟಿಯನ್ನು ಸೊಂಟಕ್ಕೆ ಬಿಗಿದುಕೊಂಡು, ನಲವತ್ತು ವರ್ಷ ಪಕ್ಕಪಕ್ಕ ಕೂತು ನೇಯ್ದಿದ್ದರು. ಎರಡು ತುಂಡು ಕೂಡಿಸಿ ಹೊಲಿಯುವ ಕುಪ್ಪಸದಲ್ಲಿ ಒಂದು ಅರ್ಧ ಇವಳದು, ಇನ್ನೊಂದು ಅರ್ಧ ಅವಳದು. ಈಗ ರುಫಿನಾಳ ಮಗ್ಗ ಸುತ್ತಿಟ್ಟದ್ದು ಸುತ್ತಿಟ್ಟ ಹಾಗೇ ಇತ್ತು. ಮನೆಯಲ್ಲಿ ರೇಡಿಯೋ ಹಾಕಿದರೆ ಅದೂ ಬೇರೆ ಯಾರ ಜೊತೆಗೋ ಮಾತಾಡುವಂತೆ ಇರುತ್ತಿತ್ತು. ವಾರಕ್ಕೊಮ್ಮೆ ಯಾರಾದರೂ ಅವಳ ಹೆಸರು ಹಿಡಿದು ಕರೆಯುತ್ತಿದ್ದರೆ, ಅದು ಕೆರೆದಂಡೆಯ ಚರ್ಚಿನ ಹಿಂದಿನ ಕೋಣೆಯ ಈ ಗುರುವಾರದ ತರಗತಿಯಲ್ಲಿ ಮಾತ್ರ.

ಪಾಠ ಹೇಳುವವಳು ಹನ್ನಾ; ಹೆಂಗಸರ ಬಾಯಲ್ಲಿ 'ಸೆನ್ಯೊ', ಅಂದರೆ ಟೀಚರಮ್ಮ. ದೂರದೇಶದಿಂದ ಸ್ವಂತ ಖರ್ಚಿನಲ್ಲಿ ಬಂದವಳು. ಪೇಟೆಯವರಿಗೆ ಯಾವ ಬಣ್ಣ ಹಿಡಿಸುತ್ತದೆ, ಅಂಗಡಿಯವರ ಜೊತೆ ಅಂಜದೆ ಹೇಗೆ ಮಾತಾಡಬೇಕು ಎಂದೆಲ್ಲ ಕಲಿಸುತ್ತಿದ್ದಳು. ಪ್ರತಿಯೊಬ್ಬಳೂ ತಾನೇ ನೇಯ್ದ ಒಂದು ಮಾದರಿ ತರಬೇಕು, ಮೂರು ಸಲ ಬರಿಗೈಲಿ ಬಂದವಳ ಹೆಸರು ಪಟ್ಟಿಯಿಂದ ಹೋಗುತ್ತದೆ ಎಂದು ನೇಯುವ ಹೆಂಗಸರ ಸಂಘದಲ್ಲಿ ನಿಯಮ ಮಾಡಿಕೊಂಡಿದ್ದರು. ರುಫಿನಾ ಎರಡು ಸಲ ಬರಿಗೈಲಿ ಬಂದಿದ್ದಳು. ಅದಕ್ಕೇ ಇವತ್ತು ಪೆಟ್ಟಿಗೆಯ ತಳದಿಂದ ಕಂದೇಲಾ ಕೊನೆಯದಾಗಿ ನೇಯ್ದ ಕುಪ್ಪಸದ ಅರ್ಧವನ್ನು ತಂದಿದ್ದಳು. ತೋರಿಸಿ ವಾಪಸ್ಸು ಒಯ್ದರಾಯಿತು ಎಂದುಕೊಂಡಿದ್ದಳು.

ಹನ್ನಾ ಅದನ್ನು ಎರಡೂ ಕೈಯಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು.

"ಅಬ್ಬಾ, ಎಷ್ಟು ಚೆನ್ನಾಗಿದೆ! ಮೇಜಿನ ಮೇಲೆ ಹಾಸೋಕೆ ಹೇಳಿ ಮಾಡಿಸಿದ ಹಾಗಿದೆ. ಮಧ್ಯಾಹ್ನದ ದೋಣೀಲೇ ಅಂಗಡಿಗೆ ಕಳಿಸಿಬಿಡೋಣ. ಇದು ನೀವೇ ನೇಯ್ದಿದ್ದಲ್ವಾ, ರುಫಿನಾ?"

ಎಲ್ಲರ ಕಣ್ಣೂ ಬಟ್ಟೆಯ ಅಂಚಿನ ಮೇಲೆ ನಿಂತಿದ್ದವು. ಕಂದೇಲಾ ದಪ್ಪನೆಯ ಹೆಂಗಸು. ಹಿಂದಕ್ಕೆ ವಾಲಿ ಕೂತಳೆಂದರೆ ಹಾಸುನೂಲು ತಂತಿಯಂತೆ ಬಿಗಿಯುತ್ತಿತ್ತು, ಅಂಚು ಗೆರೆ ಎಳೆದಂತೆ ಬರುತ್ತಿತ್ತು. ಹಗುರ ಮೈಯ ರುಫಿನಾಳ ಅಂಚು ಅಲ್ಲಲ್ಲಿ ಒಳಕ್ಕೆ ಸರಿಯುತ್ತಿತ್ತು. ಈ ಕೆರೆದಂಡೆಯ ಯಾವ ಹೆಂಗಸಿಗೂ ಇದು ಯಾರ ಕೈಯ ಅಂಚೆಂದು ಹೇಳಿಕೊಡಬೇಕಾಗಿರಲಿಲ್ಲ. ಗೊತ್ತಿಲ್ಲದವಳು ಹನ್ನಾ ಒಬ್ಬಳೇ.

ಹೌದು ಎಂದರೆ ಬಟ್ಟೆ ಹೋಗುತ್ತದೆ. ಅಲ್ಲ ಎಂದರೆ ಪಟ್ಟಿಯಿಂದ ಹೆಸರು ಹೋಗುತ್ತದೆ.

"ಸೆನ್ಯೊ, ಅದನ್ನ ಕಳಿಸ್ಬೇಡಿ" ಎಂದಳು ಮಿಕಾಯೆಲಾ, ಎದ್ದು ನಿಂತು. "ಅದರಲ್ಲಿ ತಪ್ಪಿದೆ."

"ತಪ್ಪಾ? ಎಲ್ಲಿ?"

ಮಿಕಾಯೆಲಾ ಬಟ್ಟೆಯಲ್ಲಿ ನೇಯ್ದ ಒಂದು ಹಕ್ಕಿಯ ಮೇಲೆ ಬೆರಳಿಟ್ಟಳು. "ಇಲ್ನೋಡಿ. ಇದರ ಕಾಲು ಒಂದೆಳೆ ಗಿಡ್ಡ. ಕುಂಟ್ತಾ ಇದೆ, ಪಾಪ."

ಕಾಲು ಒಂದೆಳೆಯೂ ಗಿಡ್ಡವಿರಲಿಲ್ಲ. ಎಲ್ಲರಿಗಿಂತ ಹಿರಿಯಳಾದ ತೋಯಾ ಅಜ್ಜಿ ಬಟ್ಟೆಯನ್ನು ಕಣ್ಣಿಗೆ ಒತ್ತಿಕೊಂಡು ನೋಡಿದಳು. "ಹೌದ್ಹೌದು. ಬಣ್ಣನೂ ಬಿಡತ್ತೆ ಇದು."

"ಅಜ್ಜೀ, ನಿಂಗೆ ಬಾಗಿಲೇ ಕಾಣಲ್ಲ, ಬಣ್ಣ ಹ್ಯಾಗೆ ಕಂಡ್ತು?" ಹಿಂದಿನಿಂದ ಯಾರೋ ಪಿಸುಗುಟ್ಟಿದರು.

"ಸುಮ್ನಿರೇ ಕತ್ತೆ."

"ಮಧ್ಯದಲ್ಲಿ ಸಡಿಲಾನೂ ಇದೆ" ಎಂದಳು ಇನ್ನೊಬ್ಬಳು. "ಅಂಗಡಿಯೋರು ನಮ್ಮನ್ನೆಲ್ಲ ಆಡ್ಕೋತಾರೆ, ಸೆನ್ಯೊ."

ಹನ್ನಾ ಬಟ್ಟೆಯನ್ನು ತಿರುವಿ ನೋಡಿದಳು. ಮತ್ತೆ ತಿರುವಿದಳು. ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದು ಕೊನೆಗೆ ರುಫಿನಾಳ ಮುಖದ ಮೇಲೆ ಕಣ್ಣು ನಿಲ್ಲಿಸಿದಳು. "ನೇಯ್ಗೆ ವಿಷಯ ನಿಮಗೇ ಚೆನ್ನಾಗಿ ಗೊತ್ತು" ಎಂದಳು. ಆಮೇಲೆ ಅಂಚಿಗೆ ಅಂಚು ಕೂಡಿಸಿ, ನಿರಿಗೆ ಬೀಳದಂತೆ ಮಡಚಿ, ರುಫಿನಾಳ ಮಡಿಲಲ್ಲಿಟ್ಟಳು. ಕುಂದಿರುವ ಬಟ್ಟೆಯನ್ನು ಯಾರೂ ಹಾಗೆ ಮಡಚುವುದಿಲ್ಲ.

"ಮತ್ತೆ ಮಾದರಿ?" ಹನ್ನಾ ಕೇಳಿದಳು.

"ಬರೋ ಗುರುವಾರ ತರ್ತಾಳೆ" ಎಂದಳು ಮಿಕಾಯೆಲಾ. "ನಾಳೆ ನಾನೂ ಹೋಗಿ ಇವಳ ಜೊತೆ ನೂಲು ಹಾಸ್ತೀನಿ."

"ನಾನ್ಯಾವಾಗ ಹಂಗಂದೆ?" ರುಫಿನಾ ಮೆಲ್ಲಗೆ ಕೇಳಿದಳು.

"ನೀನೆಲ್ಲಿ ಬಾಯಿ ಬಿಡ್ತೀಯ? ಅದಕ್ಕೇ ನಾನು ಅಂತಿರೋದು."

ಹನ್ನಾ ಪಟ್ಟಿ ತೆಗೆದು, ರುಫಿನಾಳ ಹೆಸರನ್ನು ಅಳಿಸದೆ ಹಾಗೆಯೇ ಬಿಟ್ಟು ಮುಂದಿನ ಹೆಸರು ಕರೆದಳು.

ಮಧ್ಯಾಹ್ನ ಹೆಂಗಸರೆಲ್ಲ ಬುಟ್ಟಿ ಹಿಡಿದು ಚರ್ಚಿನ ಮೆಟ್ಟಿಲ ನೆರಳಿಗೆ ಹೋದರು. ರುಫಿನಾ ಗೋಡೆ ಬದಿಯ ಕಲ್ಲುಬೆಂಚಿನ ಮೇಲೆ ಉಳಿದಳು. ಅವಳ ಬಳಿ ಬುಟ್ಟಿ ಇರಲಿಲ್ಲ. ಒಬ್ಬಳಿಗಾಗಿ ಏನು ರೊಟ್ಟಿ ಬಡಿಯುವುದು ಎಂದು ಬೆಳಿಗ್ಗೆ ಒಲೆ ಹಚ್ಚುವುದನ್ನೇ ಬಿಟ್ಟಿದ್ದಳು. ಮೆಟ್ಟಿಲ ಕಡೆಯಿಂದ ಮಾತು, ನಗು ಕೇಳುತ್ತಿತ್ತು. ಬಟ್ಟೆ ಉಳಿದಿತ್ತು, ಹೆಸರೂ ಉಳಿದಿತ್ತು; ಆದರೂ ಅಕ್ಕನ ಕೆಲಸಕ್ಕೆ ಅಷ್ಟು ಜನರೆದುರು ಕುಂದು ಹೇಳಿದ್ದು ಎದೆಯಲ್ಲಿ ಕುಟುಕುತ್ತಿತ್ತು. ಕಂದೇಲಾ ಇದ್ದು ಕೇಳಿಸಿಕೊಂಡಿದ್ದರೆ ಮಿಕಾಯೆಲಾಳ ಜಡೆ ಹಿಡಿದು ಎಳೆಯುತ್ತಿದ್ದಳು. ಇದನ್ನು ಯಾರಿಗೆ ಹೇಳಿ ನಗುವುದು?

ಮಿಕಾಯೆಲಾ ಬಂದಳು. ಮಧ್ಯೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು ಬೆಂಚಿನ ಆ ತುದಿಗೆ ಕೂತಳು. ಬುಟ್ಟಿಯ ಬಟ್ಟೆ ಸರಿಸಿ ನಾಲ್ಕು ರೊಟ್ಟಿ ತೆಗೆದಳು. ಎರಡನ್ನು ಅಂಗೈ ಮೇಲಿಟ್ಟು ಅವರೆಕಾಳಿನಂಥ ಕರಿಕಾಳಿನ ಪಲ್ಯ ಹರಡಿದಳು, ಬುಟ್ಟಿಯಲ್ಲಿದ್ದ ಒಂದೇ ಒಂದು ಹುರಿದ ಮೀನನ್ನು ಅದರ ಮೇಲಿಟ್ಟಳು. ಆಮೇಲೆ ಕೆರೆಯ ನೀರಿನ ಕಡೆಗೇ ನೋಡುತ್ತ, ಆ ಖಾಲಿ ಜಾಗದ ಮೇಲಿಂದ ರುಫಿನಾಳತ್ತ ಆ ಕೈ ಚಾಚಿದಳು.