ಜೈರೋಸನ ಬಕೆಟ್ಟುಗಳು

ಗುಂಬೊ ಸಾಹೇಬರು ಹರಾರೆಯಿಂದ ಬರುವ ದಿನವೇ ಜೈರೋಸನನ್ನು ಮಣ್ಣು ಮಾಡಬೇಕಾಗಿ ಬಂತು. ರುಕೋವ ಹೋಟೆಲಿನ ಮ್ಯಾನೇಜರ್ ಸೆಕಾಯಿ ಮುನೆತ್ಸಿಗೆ ಮೊದಲು ಕೈಕಾಲೇ ಆಡಲಿಲ್ಲ. ಆಮೇಲೆ, ಹೇಳಬಾರದು, ಒಳಗೊಳಗೇ ಸಮಾಧಾನವಾಯಿತು.

ಗುಂಬೊ ಎಂದರೆ ಹೋಟೆಲಿನಲ್ಲಿ ದೊಡ್ಡ ಪಾಲು ಹಾಕಿರುವ ಪಿಂಚಣಿ ನಿಧಿಯ ಕಡೆಯವರು. ಬಂದಾಗಲೆಲ್ಲ ಕೋಣೆ ಕೋಣೆ ಹೊಕ್ಕು ನಲ್ಲಿ ತಿರುಗಿಸಿ ನೋಡುವ ಆಸಾಮಿ. ಈ ಸಲ ತಿರುಗಿಸಿದರೆ ಬರುವುದು ನ್ಯಾಂಗಾ ಬೆಟ್ಟದ ಕೊರೆಯುವ ತಣ್ಣೀರು. ಚಳಿಗಾಲ ಶುರುವಾಗುವ ಹೊತ್ತಿಗೇ ಬಾಯ್ಲರ್ ಕೈಕೊಟ್ಟಿತ್ತು. ಸುದ್ದಿ ನಿಧಿಯವರ ಕಿವಿಗೆ ಬಿದ್ದರೆ ಮೇಲಿನ ಮಹಡಿಗೆ ಬೀಗ ಜಡಿದು, ಅಲ್ಲಿ ದುಡಿಯುವವರನ್ನೆಲ್ಲ ಮನೆಗೆ ಕಳಿಸುತ್ತಾರೆ ಎಂದು ಸೆಕಾಯಿಗೆ ಖಾತ್ರಿಯಾಗಿತ್ತು. ಅದಕ್ಕೇ ಕೆಲಸದವರನ್ನು ಕೂಡಿಸಿ, "ಹೊರಗೆ ಯಾರೂ ಬಾಯಿ ಬಿಡ್ಬೇಡಿ. ನಿಮ್ ಕೆಲ್ಸ ಉಳ್ಸೋ ಹೊಣೆ ನಂದು" ಎಂದಿದ್ದಳು. ಅಂದಿನಿಂದ ಹಿತ್ತಲಲ್ಲಿ ಡ್ರಮ್ಮಿಟ್ಟು ಸೌದೆ ಉರಿಸಿ, ಬಿಸಿನೀರನ್ನು ಬಕೆಟ್ಟಿನಲ್ಲಿ ಮಹಡಿಗೆ ಹೊರುತ್ತಿದ್ದರು. ಅತಿಥಿಗಳಿಗೆ ಇವತ್ತೊಂದು ದಿನ ರಿಪೇರಿ ಎಂಬ ನೆಪ. ಗುಂಬೊ ಫೋನಿನಲ್ಲಿ ಕೇಳಿದಾಗೆಲ್ಲ, "ಎಲ್ಲಾ ಸರಿಯಾಗಿದೆ ಸಾರ್."

ಈಗ ಹಿರಿಯ ಪೋರ್ಟರ್ ಜೈರೋಸ್ ಸಕ್ಕರೆ ಕಾಯಿಲೆಯಿಂದ ತೀರಿಕೊಂಡಿದ್ದ. ಸೆಕಾಯಿ ಫೋನೆತ್ತಿ, "ನಾವೆಲ್ಲ ಅವನೂರಿಗೆ ಹೋಗ್ತಿದೀವಿ, ನೀವೂ ಸೀದಾ ಅಲ್ಲಿಗೇ ಬಂದ್ಬಿಡಿ ಸಾರ್" ಎಂದಳು. ಸಾವಿನ ಮನೆಗೆ ಬಾರದೆ ನೇರ ಹೋಟೆಲಿಗೆ ಹೋಗುವಷ್ಟು ಕಟುಕರಲ್ಲ ಗುಂಬೊ. ಮಣ್ಣು ಮುಗಿಸಿ, ಊಟ ಮಾಡಿ, ಅಲ್ಲಿಂದಲೇ ಹರಾರೆಗೆ ಹೊರಟುಬಿಡುತ್ತಾರೆ. ಜೊತೆಗಾರನ ಸಾವಿಗೆ ಇಡೀ ಹೋಟೆಲೇ ಬಂದಿದೆ ಎಂದು ಮೆಚ್ಚಲೂಬಹುದು. ಲೆಕ್ಕಾಚಾರವೇನೋ ಚೆನ್ನಾಗಿತ್ತು. ಮರೆತದ್ದು ಒಬ್ಬನನ್ನು, ಜೈರೋಸನ ಸಾಹ್ವಿರನನ್ನು.

ಸಾವಿನ ಮನೆಯಲ್ಲಿ ಅಳುವುದಕ್ಕೆ ಎಲ್ಲರೂ ಇರುತ್ತಾರೆ, ನಗಿಸುವ ಹಕ್ಕು ಸಾಹ್ವಿರನದು, ಅಂದರೆ ಸತ್ತವನ ಆಪ್ತ ಗೆಳೆಯನದು. ಹೆಣದ ಮುಂದೆ ಅವನು ಏನಂದರೂ ಯಾರೂ ಮುಖ ಗಂಟಿಕ್ಕುವಂತಿಲ್ಲ. ಜೈರೋಸನ ಸಾಹ್ವಿರ ತಪೇರ, ಹಳೆಯ ಬಸ್ ಡ್ರೈವರ್. ಸತ್ತವನದೇ ಟೋಪಿ, ಕೋಟು ತೊಟ್ಟು ಅಂಗಳಕ್ಕಿಳಿದ. ಇಲ್ಲದ ಸೂಟ್‌ಕೇಸು ಹೊತ್ತ, ಭಕ್ಷೀಸಿಗೆ ಹಲ್ಲುಗಿಂಜಿದ, ಕೊಡದೆ ಹೋದವನ ಬೆನ್ನಿಗೆ ನಾಲಿಗೆ ಚಾಚಿದ. ಥೇಟ್ ಜೈರೋಸನೇ. ಅಳುತ್ತಿದ್ದ ಹೆಂಗಸರೂ ಹೊದ್ದ ಬಟ್ಟೆಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಅವರ ನಡುವೆ ನೆಲದ ಮೇಲೆ ಕುಳಿತಿದ್ದ ಸೆಕಾಯಿಯೂ ನಕ್ಕಳು.

ಆಮೇಲೆ ತಪೇರ ಎರಡು ಬಕೆಟ್ಟು ಎತ್ತಿಕೊಂಡ.

ಮೆಟ್ಟಿಲು ಹತ್ತುವವನ ಹಾಗೆ ಮಂಡಿ ಎತ್ತೆತ್ತಿ ನಡೆದ. ನಡುವೆ ನಿಂತು, ಸೊಂಟ ಹಿಡಿದು ಉಸಿರು ಬಿಟ್ಟ. ಸುತ್ತ ನೋಡಿ ತುಟಿಯ ಮೇಲೆ ಬೆರಳಿಟ್ಟ. ಗಾಳಿಯಲ್ಲಿ ಬಾಗಿಲು ತಟ್ಟಿ, "ಬಿಸಿನೀರು ಯಜಮಾನ್ರೇ! ಬಾಯ್ಲರ್‌ದು ಆರೋಗ್ಯ ಚೆನ್ನಾಗಿದೆ, ನಂದೇ ಸ್ವಲ್ಪ ಸರಿಯಿಲ್ಲ!" ಎಂದ.

ಊರವರು ಬಿದ್ದು ಬಿದ್ದು ನಕ್ಕರು. ಹೋಟೆಲಿನವರು ನಗಲು ಹೋಗಿ ಸೆಕಾಯಿಯತ್ತ ನೋಡಿ ಸುಮ್ಮನಾದರು. ತಪೇರ ಬಕೆಟ್ಟುಗಳನ್ನು ತಂದು ಬೆಂಚಿನ ಮೇಲಿದ್ದ ಗುಂಬೊ ಅವರ ಕಾಲ ಬಳಿ ಇಟ್ಟ.

"ನೀವೇ ಹೋಟ್ಲಿನ ಯಜಮಾನ್ರಂತೆ. ಮನೇಲಿ ಒಲೆ ಕೆಟ್ಟಿದ್ದು ಯಜಮಾನಂಗೆ ಗೊತ್ತಿಲ್ಲ ಅಂದ್ರೆ ಒಂದೋ ಅವ್ನು ಕಿವುಡ, ಇಲ್ಲಾ ಹೆಂಡ್ತಿ ಬಲು ಜಾಣೆ. ಯಾವ್ದು ಸ್ವಾಮಿ?"

ಗುಂಬೊ ನಕ್ಕರು. ನಗಲೇಬೇಕಿತ್ತು. ನಗುತ್ತಲೇ ಅಂಗಳದ ಆಚೆಯಿಂದ ಸೆಕಾಯಿಯನ್ನು ನೋಡಿದರು.

ಪಕ್ಕದಲ್ಲಿದ್ದ ಜೈರೋಸನ ಹೆಂಡತಿ ಮೇವಿಸ್ ಸೆಕಾಯಿಯ ಕೈ ಹಿಡಿದುಕೊಂಡಳು. "ಬೇಜಾರ್ ಮಾಡ್ಕೋಬೇಡಿ ಅಮ್ಮಾ. ಅವ್ರು ಇದನ್ನ ಹೊರಗಿನವ್ರಲ್ಲಿ ತಪೇರ ಒಬ್ಬಂಗೇ ಹೇಳಿದ್ದು. ದಿನಾ ಭುಜಕ್ಕೆ ಎಣ್ಣೆ ತಿಕ್ತಿದ್ದೆ. ಹೋಗಿ ಹೇಳ್ಬಾರ್ದಾ ಅಂದ್ರೆ, ಬೇಡ, ಅಮ್ಮಂಗೆ ತೊಂದ್ರೆ ಆಗತ್ತೆ ಅಂತಿದ್ರು."

ಇವರನ್ನೆಲ್ಲ ತಾನು ಕಾಯುತ್ತಿದ್ದೇನೆ ಎಂದುಕೊಂಡು ಸೆಕಾಯಿ ಇಷ್ಟು ದಿನ ನೆಮ್ಮದಿಯಾಗಿ ನಿದ್ದೆ ಮಾಡಿದ್ದಳು. ತನ್ನನ್ನು ಕಾಯುತ್ತಿದ್ದವರು ಅವರು.

ಮಣ್ಣಾಯಿತು. ಮೆಕ್ಕೆಜೋಳದ ಮುದ್ದೆ ಸಾದ್ಜಾ, ಮಾಂಸದ ಊಟವೂ ಆಯಿತು. ಕಾರಿನ ಹತ್ತಿರ ಗುಂಬೊ ಕೇಳಿದರು, "ಸಾಹ್ವಿರ ಅಂದ್ಮೇಲೆ ಒಂದಕ್ಕೆ ಹತ್ತು ಸೇರಿಸ್ತಾನೆ. ಅಲ್ವೇನಮ್ಮಾ?"

ಹೂಂ ಎಂದರೆ ಮುಗಿಯುತ್ತಿತ್ತು. ಗುಂಬೊ ತಾವಾಗಿಯೇ ತಪ್ಪಿಸಿಕೊಳ್ಳುವ ದಾರಿ ತೆರೆದು ಕೊಟ್ಟಿದ್ದರು.

"ಏನೂ ಸೇರಿಸಿಲ್ಲ ಸಾರ್. ಬಾಯ್ಲರ್ ಕೆಟ್ಟಿದೆ. ನಾನು ನಿಮ್ಗೆ ಸುಳ್ಳು ಹೇಳ್ದೆ."

"ಯಾಕೆ?"

"ಮಹಡಿ ಮುಚ್ಚಿ ಜನಾನ ತೆಗೆದುಹಾಕ್ತೀರಾ ಅಂತ."

"ನನ್ನನ್ನ ಕೇಳೇ ಇಲ್ವಲ್ಲಮ್ಮಾ ನೀವು!" ಗುಂಬೊ ಅವರಿಗೆ ಈಗ ನಿಜವಾಗಿ ಸಿಟ್ಟು ಬಂದಿತ್ತು. "ಹರಾರೆಗೆ ನಾಳೆ ಹೋಗ್ತೀನಿ. ಮೇಲಿನ ಮಹಡೀಲಿ ಒಂದು ಕೋಣೆ ಕೊಡಿ."

ಬೆಳಿಗ್ಗೆ ಸೆಕಾಯಿ ಹಿತ್ತಲಿಗೆ ಬಂದಾಗ ಗುಂಬೊ ಸ್ವೆಟರ್ ತೊಟ್ಟು ಡ್ರಮ್ಮಿನ ಮುಂದೆ ನಿಂತಿದ್ದರು. ಪೋರ್ಟರುಗಳು ದಿಕ್ಕುತೋಚದೆ ದೂರ ಸರಿದಿದ್ದರು. ಗುಂಬೊ ತಮ್ಮ ಬಕೆಟ್ಟು ತಾವೇ ತುಂಬಿಸಿಕೊಂಡು ಹೊರಟರು. ಸೆಕಾಯಿಯೂ ಚಪ್ಪಲಿ ಬಿಟ್ಟು, ಇನ್ನೊಂದು ಬಕೆಟ್ಟು ಎತ್ತಿಕೊಂಡು ಹಿಂದೆಯೇ ಹತ್ತಿದಳು. ಹಿಡಿ ಅಂಗೈಯನ್ನು ಕೊಯ್ಯುತ್ತಿತ್ತು, ಬಿಸಿನೀರು ಪಾದಕ್ಕೆ ತುಳುಕುತ್ತಿತ್ತು.

ಮೆಟ್ಟಿಲು ತಿರುಗುವಲ್ಲಿ ಗುಂಬೊ ಬಕೆಟ್ಟು ಇಳಿಸಿ ಸೊಂಟ ಹಿಡಿದುಕೊಂಡರು.

"ಹೊಸ ಬಾಯ್ಲರ್ ಬರೋವರ್ಗೂ ಈ ಮಹಡಿ ಮುಚ್ಚಿರತ್ತೆ. ಜನಾನ ಯಾರೂ ಮನೆಗೆ ಕಳಿಸಲ್ಲ, ಅದಕ್ಕೆ ನಾನಿದೀನಿ. ನಿಮ್ಮ ಕುರ್ಚಿ ಉಳಿಯತ್ತೆ ಅಂತ ಮಾತ್ರ ಮಾತು ಕೊಡಲ್ಲ. ಸೋಮವಾರ ಹರಾರೆಗೆ ಬಂದು ನಿಧಿಯ ಮಂಡಳಿ ಮುಂದೆ ನೀವೇ ಹೇಳಿ."

"ಬರ್ತೀನಿ ಸಾರ್."

ಗುಂಬೊ ಗೋಡೆಗೆ ಒರಗಿ ಸುಧಾರಿಸಿಕೊಂಡರು. "ಜೈರೋಸ್ ನಿಂತ್ಕೊಳ್ತಿದ್ದಿದ್ದು ಇಲ್ಲೇ ತಾನೆ?"

ಸೆಕಾಯಿ ಆ ಜಾಗವನ್ನು ನೋಡಿದಳು.

"ಗೊತ್ತಿಲ್ಲ ಸಾರ್" ಎಂದಳು. "ಅವ್ನು ಹತ್ತೋದನ್ನ ನಾನು ಒಂದು ದಿನಾನೂ ನೋಡ್ಲಿಲ್ಲ."